ಹಾಸಿಗೆಯ ಅಂಚು

ಅವರ ಎರಡೂ ಕಿವಿಯಲ್ಲಿ ಸದಾ ಹತ್ತಿ ಇರುತ್ತಿತ್ತು. ನೆಗಡಿಗೋ ಶೀತಗಾಳಿಗೋ ನಾವು ಇಟ್ಟುಕೊಳ್ಳುವ ಚೂರು ಹತ್ತಿಯಲ್ಲ. ಹೆಬ್ಬೆರಳಿನ ಗಾತ್ರದ ಉಂಡೆ, ಅರ್ಧ ಒಳಗೆ, ಅರ್ಧ ಹೊರಗೆ. ಯಾರಾದರೂ ಮಾತಾಡಿಸಿದರೆ ಬಲಗಿವಿಯದನ್ನು ತೆಗೆದು ಕೇಳಿಸಿಕೊಳ್ಳುವರು, ಉತ್ತರ ಕೊಡುವರು, ಮತ್ತೆ ತುರುಕಿಕೊಳ್ಳುವರು. ಎಡಗಿವಿಯದು ನಮಾಜಿನ ಹೊತ್ತಿಗೆ ಮಾತ್ರ ಹೊರಗೆ ಬರುತ್ತಿತ್ತು. ನಲವತ್ತು ವರ್ಷ ಹತ್ತಿ ಹಿಂಜುವ ಮಷಿನ್ ಪಕ್ಕದಲ್ಲಿ ಬದುಕಿದವರಿಗೆ ಅದು ಕನ್ನಡಕವಿದ್ದ ಹಾಗೆ, ಅಭ್ಯಾಸ.

ಶಿವಾಜಿನಗರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯೊಂದರಲ್ಲಿ ಅವರ ಅಂಗಡಿ. ಎಲ್ಲರಿಗೂ ಅವರು ಹಾಸಿಗೆ ಭಾಯ್. ಮುಂದೆ ಗವಸಿನ ಬಟ್ಟೆಯ ಥಾನುಗಳು, ಹಿಂದಿನ ಕೋಣೆಯಲ್ಲಿ ಮಷಿನ್, ಮೇಲೆ ತಾರಸಿಯಲ್ಲಿ ಬಿಸಿಲಿಗೆ ಹರಡಿದ ಹತ್ತಿ. ಬಾಗಿಲ ಬಳಿ ಕೈಯಿರುವ ಒಂದು ಹಳೆಯ ಮರದ ಕುರ್ಚಿ. ಗಿರಾಕಿ ಇಲ್ಲದಾಗ ಅದರಲ್ಲಿ ಗೋಡೆಗೆ ತಲೆ ಆನಿಸಿ ತೂಕಡಿಸುತ್ತಿದ್ದರು. ಆ ಕುರ್ಚಿಯ ಹಿಂದಿನ ಗೋಡೆಯಲ್ಲಿ ತಲೆಯ ಎಣ್ಣೆ ಹತ್ತಿ ಒಂದು ಕಪ್ಪು ವೃತ್ತವೇ ಆಗಿತ್ತು. ಇಷ್ಟೊಂದು ಹಾಸಿಗೆ ಇಟ್ಟುಕೊಂಡು ಕುರ್ಚಿಯಲ್ಲಿ ನಿದ್ದೆಯಾ ಭಾಯ್ ಎಂದು ಗಲ್ಲಿಯವರೆಲ್ಲ ಛೇಡಿಸಿದ್ದಾರೆ. ಮಿಠಾಯಿ ಅಂಗಡಿಯವನು ಮಿಠಾಯಿ ತಿನ್ನುವುದಿಲ್ಲ ಎನ್ನುವುದು ಅವರ ಸಿದ್ಧ ಉತ್ತರ.

ಮಾತು ಕಡಿಮೆ, ಆಡಿದರೆ ತಮಾಷೆ. ಮದುವೆಗೆ ಹಾಸಿಗೆ ಹೊಲಿಸಲು ಬಂದವರು ರೇಟಿನ ಬಗ್ಗೆ ಗೊಣಗಿದರೆ ಹೇಳುತ್ತಿದ್ದರು: "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನಮ್ಮ ಅಂಗಡೀಲಿ ಉಲ್ಟಾ. ಕಾಲಿದ್ದಷ್ಟು ಹಾಸಿಗೆ." ಡಬ್ಬದಲ್ಲಿ ಸುರುಳಿ ಸುತ್ತಿ ಮನೆಬಾಗಿಲಿಗೆ ಬರುವ ಫೋಮ್ ಹಾಸಿಗೆಗಳ ಬಗ್ಗೆ ಕೇಳಿದರೆ, ಚಪಾತಿ ರೋಲ್ ಎಂದು ಮುಖ ತಿರುಗಿಸುವರು.

ನನ್ನ ಪರಿಚಯ ಹೇಳಬೇಕೆಂದರೆ, ನಾನು ಹಲಸೂರಿನ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವವಳು. ಫಾರ್ಮಸಿ ಓದಿದ್ದೇನೆ. ಮನೆಯಲ್ಲಿ ಗಂಡ, ಅತ್ತೆ, ಆಗ ಆರು ವರ್ಷದ ಮಗಳು. ಸಂಸಾರದಲ್ಲಿ ಎಲ್ಲರಿಗಿರುವಷ್ಟು ತಾಪತ್ರಯ ನಮಗೂ ಇತ್ತು, ಹೆಚ್ಚೇನಲ್ಲ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಾಲ್ಕು ವರ್ಷದಿಂದ ನನಗೆ ಒಂದೇ ಕನಸು ಬೀಳುತ್ತಿತ್ತು, ವಾರದಲ್ಲಿ ನಾಲ್ಕೈದು ಸಲ. ಬೆಚ್ಚಿ ಎದ್ದರೆ ಪ್ರತಿಯೊಂದು ವಿವರವೂ ನೆನಪಿರುತ್ತಿತ್ತು. ಮತ್ತೆ ಮಲಗಲು ಧೈರ್ಯ ಬರುತ್ತಿರಲಿಲ್ಲ. ವಿಷಯ ತಿಳಿದವರೆಲ್ಲ ಕಾರಣ ಹುಡುಕಿದರು. "ಚಿಂತೆ ಇಲ್ದೋನಿಗೆ ಸಂತೇಲೂ ನಿದ್ದೆ" ಎಂದು ಅತ್ತೆ ಹೇಳಿದಾಗ, ನನ್ನೊಳಗೆ ಏನೋ ಕದ್ದಿಟ್ಟುಕೊಂಡಿದ್ದೇನೆ ಎಂಬ ಅರ್ಥ ಅದರಲ್ಲಿತ್ತು. ಕದ್ದಿಟ್ಟದ್ದು ಏನೂ ಇರಲಿಲ್ಲ. ಕನಸಿನಲ್ಲಿ ಏನು ಬರುತ್ತದೆ ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಹೇಳುವ ಹಾಗೂ ಇರಲಿಲ್ಲ. ಕೆಟ್ಟ ಕನಸನ್ನು ಬಾಯಿಬಿಟ್ಟು ಹೇಳಿದರೆ ಅದು ನಡೆದೇ ತೀರುತ್ತದೆ ಎನ್ನುವುದು ನಮ್ಮಮ್ಮನ ಕಟ್ಟುನಿಟ್ಟು. ಸೋದರಮಾವನ ಸಾವನ್ನು ಅವನ ಹೆಂಡತಿ ಹಿಂದಿನ ದಿನ ಕನಸೆಂದು ಹೇಳಿದ್ದಳಂತೆ. ಅದೇ ಅಮ್ಮನಿಗೆ ಸಾಕ್ಷಿ. ಚಿಕ್ಕಂದಿನಲ್ಲಿ ನಾನು ಬೆಳಗ್ಗೆ ಎದ್ದು ಕನಸು ಎಂದರೆ ಸಾಕು, ಬಾಯಿ ಮುಚ್ಚಿಸಿ ಹಲ್ಲುಜ್ಜಲು ಅಟ್ಟುತ್ತಿದ್ದಳು. ನಾನು ಓದಿದವಳು, ಇದನ್ನೆಲ್ಲ ನಂಬುವುದಿಲ್ಲ ಎಂದು ಯಾರ ಮುಂದೆ ಬೇಕಾದರೂ ವಾದಿಸುತ್ತಿದ್ದೆ. ಆದರೆ ನನ್ನ ಕನಸಿನಲ್ಲಿದ್ದವಳು ನನ್ನ ಮಗಳು. ಅಲ್ಲಿ ನನ್ನ ವಾದ ನಿಂತುಹೋಗುತ್ತಿತ್ತು.

ಹಾಸಿಗೆ ಭಾಯ್ ಹತ್ತಿರ ಹೋದದ್ದು ಈ ಕಾರಣಕ್ಕಲ್ಲ. ನಮ್ಮ ಹಾಸಿಗೆ ಗಂಟುಕಟ್ಟಿತ್ತು, ಹಿಂಜಿಸಬೇಕು ಎಂದು ಅತ್ತೆ ಹಠ ಹಿಡಿದರು. ಆಟೋದ ಮೇಲೆ ಕಟ್ಟಿಕೊಂಡು ಇಬ್ಬರೂ ಹೋದೆವು.

ಅವರದೊಂದು ಪದ್ಧತಿ ಇತ್ತು. ಹಳೆ ಹಾಸಿಗೆ ಬಂದರೆ ಅದನ್ನು ಬಿಚ್ಚುವ ಮೊದಲು ನೆಲದ ಮೇಲೆ ಹಾಸಿ, ಸುತ್ತ ಒಂದು ಪ್ರದಕ್ಷಿಣೆ ಬಂದು, ಅಂಗೈ ಒತ್ತಿ ಒತ್ತಿ ನೋಡುತ್ತಿದ್ದರು. ಯಾವ ಕಡೆ ಭಾರದವರು, ಯಾವ ಕಡೆ ಹಗುರದವರು, ಯಾರಿಗೆ ಸೊಂಟನೋವು, ಎಲ್ಲವನ್ನೂ ಹೇಳುವರು. ಎಲ್ಲಿ ಎಷ್ಟು ಹತ್ತಿ ತುಂಬಬೇಕು ಎಂದು ತಿಳಿಯಲು ಅದು ಬೇಕಂತೆ. ಅವತ್ತು ನಮ್ಮ ಹಾಸಿಗೆಯ ಒಂದು ಮೂಲೆ ಮುಟ್ಟಿ ನಿಂತರು. ಬ್ಲೇಡಿನಿಂದ ಹೊಲಿಗೆ ಬಿಡಿಸಿ, ಬೆರಳು ತೂರಿಸಿ ಹಳೆಯ ಅಡಕತ್ತರಿಯ ಒಂದು ಅಲಗನ್ನು ಹೊರಗೆಳೆದರು. ಅದು ಅತ್ತೆಯ ಕೆಲಸ. ಕಬ್ಬಿಣ ಇದ್ದರೆ ಗಾಳಿ ಸೋಕುವುದಿಲ್ಲವೆಂದು. ಎರಡನೇ ಮೂಲೆಯಲ್ಲಿ ತಾಮ್ರದ ಯಂತ್ರ ಸಿಕ್ಕಿತು. ಅದನ್ನು ನೋಡಿದೊಡನೆ ನಮ್ಮಮ್ಮ ಕಳೆದ ಸಲ ಬಂದಾಗ ಹಾಸಿಗೆ ಕೊಡವುತ್ತೇನೆಂದು ಯಾಕೆ ಅಷ್ಟು ಉತ್ಸಾಹ ತೋರಿಸಿದಳು ಎಂದು ಗೊತ್ತಾಯಿತು. ಮೂರನೆಯದರಲ್ಲಿ ಕಪ್ಪು ಬಟ್ಟೆಯಲ್ಲಿ ಹೊಲಿದ ತಾಯತ. ಅದನ್ನು ದರ್ಗಾದಿಂದ ತಂದಿಟ್ಟವನು ನನ್ನ ಗಂಡ. ಸಂಜೆ ಕೇಳಿದಾಗ ಒಪ್ಪಿಕೊಂಡ. ಒಬ್ಬರಿಟ್ಟದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಮೂರನ್ನೂ ಒಂದು ಸ್ಟೀಲ್ ತಟ್ಟೆಯಲ್ಲಿ ಜೋಡಿಸಿಟ್ಟು ಹಾಸಿಗೆ ಭಾಯ್ ಅತ್ತೆಯ ಕಡೆಗೆ ನೋಡಿದರು. "ನಾಲ್ಕನೇ ಮೂಲೆ ಖಾಲಿ ಇದೆ ಅಮ್ಮ. ನಿಮ್ಮನೇಲಿ ಇನ್ಯಾರೂ ಉಳಿದಿಲ್ವಾ?" ಎಂದರು. ಅತ್ತೆಗೆ ಅವಮಾನವಾಗಿ, ಗವಸಿನ ಬಟ್ಟೆ ನೋಡುವ ನೆಪದಲ್ಲಿ ಮುಂದಿನ ಭಾಗಕ್ಕೆ ಹೋದರು.

ಆಮೇಲೆ ನನ್ನನ್ನು ಹತ್ತಿರ ಕರೆದು ಹಾಸಿಗೆಯ ಎಡ ಅಂಚನ್ನು ತೋರಿಸಿದರು. ಅದು ಮುದಿ ಕುದುರೆಯ ಬೆನ್ನಿನಂತೆ ತಗ್ಗಾಗಿತ್ತು. ಅದರ ಪಕ್ಕದಲ್ಲೇ, ಮನುಷ್ಯರು ಮಲಗುವ ಜಾಗದಲ್ಲಿ, ಹತ್ತಿ ಇನ್ನೂ ಉಬ್ಬಿಕೊಂಡಿತ್ತು.

"ಈ ಕಡೆ ಯಾರೋ ಮಲಗೋದೇ ಇಲ್ಲ ಮೇಡಂ. ಅಂಚಲ್ಲಿ ಕೂತಿರ್ತಾರೆ. ತುಂಬಾ ಹೊತ್ತು. ತುಂಬಾ ದಿನದಿಂದ," ಎಂದರು.

ನಾಲ್ಕು ವರ್ಷದಲ್ಲಿ ನನ್ನ ಗಂಡನಿಗೂ ಕಾಣದ್ದು ಇವರಿಗೆ ಅಂಗೈಯಲ್ಲಿ ಕಂಡಿತ್ತು. ನನಗೆ ಅಳು ಬಂತು. ಅಪರಿಚಿತರ ಅಂಗಡಿಯಲ್ಲಿ, ಹತ್ತಿಯ ಧೂಳಿನ ಮಧ್ಯೆ ನಿಂತು ಅತ್ತುಬಿಟ್ಟೆ. ಧೂಳು ಎಂದು ಸೆರಗಿನಿಂದ ಒರೆಸಿಕೊಂಡೆ. ಕನಸು ಬೀಳುತ್ತೆ, ಮಲಗಲು ಭಯ ಎಂದಷ್ಟೇ ಹೇಳಿದೆ. ಏನು ಕನಸು ಎಂದು ಅವರು ಕೇಳಲಿಲ್ಲ. ಜೇಬಿನಿಂದ ಪ್ಲಾಸ್ಟಿಕ್ ಚೀಲ ತೆಗೆದು, ಅದರೊಳಗಿಂದ ಮಡಿಕೆಯಲ್ಲೆಲ್ಲ ಹರಿದು ಟೇಪ್ ಅಂಟಿಸಿದ ಒಂದು ಚೀಟಿ ಕೊಟ್ಟರು. ಇಂದಿರಾನಗರದ ಒಬ್ಬ ನಿದ್ರಾವೈದ್ಯೆಯ ವಿಳಾಸ ಅದರಲ್ಲಿತ್ತು.

"ಇದು ಕಾಯಿಲೆ. ಪಾಪ ಅಲ್ಲ, ಶಾಪ ಅಲ್ಲ. ಇದಕ್ಕೆ ಹೆಸರಿದೆ, ಔಷಧಿ ಇದೆ. ನಾನು ಹೋಗಿದ್ದೆ."

ನಿಮಗೆ ವಾಸಿಯಾಯಿತೇ ಎಂದು ಕೇಳಿದೆ. ಅವರು ಬಲಗಿವಿಗೆ ಹತ್ತಿ ತುರುಕಿಕೊಂಡರು. ಮಷಿನ್ ಹಾಕುವ ಹೊತ್ತಾಗಿರಬೇಕು ಎಂದುಕೊಂಡೆ.

ಆ ಚೀಟಿಯನ್ನು ಪರ್ಸಿನಲ್ಲಿ ಹದಿನೈದು ದಿನ ಇಟ್ಟುಕೊಂಡು ತಿರುಗಿದೆ. ಹೋಗುವಂತೆ ಮಾಡಿದ್ದು ಒಂದು ಮಾತ್ರೆ. ಅಂಗಡಿಗೆ ಖಾಯಂ ಬರುವ ಮುದುಕರೊಬ್ಬರಿಗೆ ರಕ್ತದೊತ್ತಡದ ಮಾತ್ರೆಯನ್ನು ಎರಡರಷ್ಟು ಪ್ರಮಾಣದ್ದು ಕೊಟ್ಟು ಕಳಿಸಿದ್ದೆ. ಬಣ್ಣ ಬೇರೆ ಇದೆಯಲ್ಲಮ್ಮ ಎಂದು ಅವರೇ ವಾಪಸು ತಂದರು. ಅವರ ಔಷಧಿ ಚೀಟಿ ಸರಿಯಾಗಿ ಓದಿದ್ದೆ, ಡಬ್ಬ ತೆಗೆದದ್ದು ನೆನಪೇ ಇರಲಿಲ್ಲ; ನಿಂತಲ್ಲೇ ತೂಕಡಿಸಿರಬೇಕು. ಮಾರನೆಯ ದಿನ ಇಂದಿರಾನಗರಕ್ಕೆ ಮೆಟ್ರೋ ಹತ್ತಿದೆ.

ಡಾಕ್ಟರು ನನಗಿಂತ ಚಿಕ್ಕವರು. ಕನಸಿನ ಅರ್ಥದ ಗೋಜಿಗೇ ಹೋಗಲಿಲ್ಲ. ಎಷ್ಟು ಸಲ ಬೀಳುತ್ತೆ, ಎದ್ದಾಗ ಪೂರ್ತಿ ಎಚ್ಚರವಿರುತ್ತಾ, ನೆನಪಿರುತ್ತಾ, ನಿದ್ದೆಯಲ್ಲಿ ಕೈಕಾಲು ಝಾಡಿಸುತ್ತೀರಾ, ಯಾವ ಮಾತ್ರೆ ತೆಗೆದುಕೊಳ್ಳುತ್ತೀರಾ, ಹಗಲು ಕೆಲಸಕ್ಕೆ ತೊಂದರೆಯಾಗಿದೆಯಾ ಎಂದು ಒಂದೊಂದಾಗಿ ಕೇಳಿದರು. ಕೆಟ್ಟ ಕನಸು ಎಲ್ಲರಿಗೂ ಬೀಳುತ್ತದೆ. ಅದು ಮರುಕಳಿಸುತ್ತ ನಿದ್ದೆಯನ್ನೂ ಹಗಲನ್ನೂ ಕೆಡಿಸಿದರೆ ಆಗ ಅದು ದುಃಸ್ವಪ್ನದ ಕಾಯಿಲೆ, ನಿದ್ದೆಯ ಕಾಯಿಲೆಗಳಲ್ಲಿ ಒಂದು ಎಂದರು. ಕೆಲವರಿಗೆ ದೊಡ್ಡ ಆಘಾತದ ನಂತರ ಬರುತ್ತದಂತೆ, ಕೆಲವರಿಗೆ ಏನೂ ಇಲ್ಲದೆಯೂ ಬರುತ್ತದಂತೆ. ಹೇಗೋ ಶುರುವಾದದ್ದು ಕೊನೆಗೆ ಮಿದುಳಿಗೆ ರೂಢಿಯಾಗಿಬಿಡುತ್ತದೆ, ಆ ರೂಢಿ ತಪ್ಪಿಸಬೇಕು ಎಂದರು. ಅಂದರೆ ನಾಲ್ಕು ವರ್ಷ ಎಲ್ಲರೂ ನನ್ನ ಮನಸ್ಸಿನಲ್ಲಿ ಕಳ್ಳನನ್ನು ಹುಡುಕಿದ್ದರು, ಕಳ್ಳನೇ ಇರಲಿಲ್ಲ. ಅಷ್ಟು ಕೇಳಿಯೇ ಅರ್ಧ ಹಗುರಾದೆ.

ಇನ್ನರ್ಧ ಚಿಕಿತ್ಸೆಯಲ್ಲಿ ಸಿಕ್ಕಿಹಾಕಿಕೊಂಡಿತು. ಹಗಲು ಹೊತ್ತಿನಲ್ಲಿ ಕೂತು ಕನಸನ್ನು ಪೂರ್ತಿ ಬರೆಯಬೇಕು. ಆಮೇಲೆ ಅದನ್ನು ನನಗೆ ಬೇಕಾದಂತೆ ಬದಲಾಯಿಸಿ ಹೊಸದಾಗಿ ಬರೆಯಬೇಕು. ಆ ಹೊಸದನ್ನು ದಿನಾ ಹತ್ತು ಹದಿನೈದು ನಿಮಿಷ, ಎಚ್ಚರದಲ್ಲೇ, ಕಣ್ಣಮುಂದೆ ತಂದುಕೊಳ್ಳಬೇಕು. ಇಷ್ಟೇ. ಮಗಳ ಹಳೆಯ ಕಾಪಿ ಪುಸ್ತಕದಲ್ಲಿ ತಾರೀಖು ಹಾಕಿದೆ. ಮೂರು ವಾರ ತಾರೀಖು ಮಾತ್ರ ಬರೆದೆ.

ಆ ಹೊತ್ತಿಗೆ ಹೊಸ ಹಾಸಿಗೆ ಮನೆಗೆ ಬಂದಾಗಿತ್ತು. ದಿಂಬುಗಳು ಉಳಿದಿದ್ದವು. ಅವನ್ನು ಕೊಡಲು ಒಂದು ಮಧ್ಯಾಹ್ನ ಹೋದಾಗ ಹಾಸಿಗೆ ಭಾಯ್ ಬಲಗಿವಿಯ ಹತ್ತಿ ತೆಗೆದು ಕೇಳಿದ ಮೊದಲ ಮಾತು, "ಬರೀರಿ ಅಂದ್ರಾ?"

ಅಂದರು ಎಂದೆ.

"ಬರೆದ್ರಾ?"

ಇಲ್ಲವೆಂದೆ. ಅಮ್ಮನ ಮಾತನ್ನು ಹೇಳಿದೆ. ಬರೆಯುವುದೂ ಹೇಳಿದ ಹಾಗೇ ಅಲ್ಲವೇ ಎಂದೆ. ಓದಿದವಳ ಬಾಯಲ್ಲಿ ಈ ಮಾತು ಕೇಳಿ ನಗುತ್ತಾರೆ ಎಂದುಕೊಂಡಿದ್ದೆ. ಅವರು ನಗಲಿಲ್ಲ. ತಮ್ಮಲ್ಲೂ ಕೆಟ್ಟ ಕನಸನ್ನು ಯಾರಿಗೂ ಹೇಳುವುದಿಲ್ಲ, ಎಡಕ್ಕೆ ಉಗಿದಂತೆ ಮಾಡಿ ಮಗ್ಗಲು ಬದಲಿಸಿ ಮಲಗಬೇಕು ಎಂದರು. ಹೆಬ್ಬೆರಳಿನ ಉಗುರನ್ನು ಇನ್ನೊಂದು ಬೆರಳಿನಿಂದ ಉಜ್ಜಿಕೊಂಡರು. ದಬ್ಬಣ ಒತ್ತಿ ಒತ್ತಿ ಅದು ಎಮ್ಮೆಯ ಗೊರಸಿನ ಹಾಗೆ ದಪ್ಪವಾಗಿತ್ತು. ಆಮೇಲೆ ಎದ್ದು ನನ್ನನ್ನು ಹಿಂದಿನ ಕೋಣೆಗೆ ಕರೆದರು.

"ಮನುಷ್ಯರಿಗೆ ಹೇಳಬಾರದು ಅಂತ ತಾನೆ? ಇದು ಮನುಷ್ಯ ಅಲ್ಲ." ಮಷಿನ್ ಮೇಲೆ ಕೈಯಿಟ್ಟರು. "ಇವತ್ತಿನವರೆಗೂ ಇದು ಯಾರ ಮಾತನ್ನೂ ಹೊರಗೆ ಬಿಟ್ಟಿಲ್ಲ. ಇದರ ಮುಂದೆ ಹೇಳಿ. ಮನೆಗೆ ಹೋಗಿ ಬರೀರಿ."

ನನ್ನ ದಿಂಬಿನ ಹತ್ತಿಯನ್ನೇ ಹಾಕಿ ಸ್ವಿಚ್ ಒತ್ತಿದರು. ಆ ಸದ್ದನ್ನು ಕೇಳದವರಿಗೆ ವಿವರಿಸುವುದು ಕಷ್ಟ. ಪಕ್ಕದಲ್ಲಿ ನಿಂತವರು ಬೈದರೂ ಕೇಳಿಸುವುದಿಲ್ಲ. ಅವರು ನನಗೆ ಬೆನ್ನು ಮಾಡಿ ಸ್ವಿಚ್ ಬೋರ್ಡಿನ ಹತ್ತಿರ ನಿಂತರು. ಕಿವಿಯಲ್ಲಿ ಹತ್ತಿ ಇದ್ದೇ ಇರುತ್ತದಲ್ಲ ಎಂದು ನಾನು ಧೈರ್ಯ ಮಾಡಿದೆ.

ಹೇಳಿದೆ. ಇಲ್ಲಿಯೂ ಹೇಳಬಹುದು, ಈಗ ಭಯವಿಲ್ಲ. ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ನಾನು ಮಗಳ ಕೈ ಹಿಡಿದು ನಡೆಯುತ್ತಿದ್ದೇನೆ. ಜನ ಹೆಚ್ಚುತ್ತದೆ. ಕೈಯನ್ನು ಬಿಟ್ಟಿಲ್ಲ, ಬಿಗಿಯಾಗಿಯೇ ಹಿಡಿದಿದ್ದೇನೆ. ಬಗ್ಗಿ ನೋಡಿದರೆ ಅದು ಬೇರೆ ಯಾರದೋ ಮಗು. ಅದು ನನ್ನನ್ನು ನೋಡಿ ಅಮ್ಮ ಎನ್ನುತ್ತದೆ. ತಲೆಯೆತ್ತಿದರೆ ಹೊರಡುತ್ತಿರುವ ಬಸ್ಸಿನ ಹಿಂದಿನ ಗಾಜಿನಲ್ಲಿ ನನ್ನ ಮಗಳ ಮುಖ. ಕೂಗಲು ಹೋಗುತ್ತೇನೆ, ದನಿ ಬರುವುದಿಲ್ಲ. ಮಷಿನ್ ಮುಂದೆ ಇದನ್ನು ಎರಡು ಸಲ ಹೇಳಿದೆ, ಎರಡನೇ ಸಲ ಕಿರುಚಿಯೇ ಹೇಳಿದೆ. ಮೈಯೆಲ್ಲ ಹತ್ತಿಯಾಗಿತ್ತು. ಮಷಿನ್ ನಿಂತಿತು. ಅವರು ಒಂದು ಸುಲೇಮಾನಿ ಟೀ ತರಿಸಿಕೊಟ್ಟರು.

ಅವತ್ತು ಸ್ಕೂಲ್ ಬಿಡುವ ಅರ್ಧಗಂಟೆ ಮೊದಲೇ ಹೋಗಿ ಗೇಟಿನ ಮುಂದೆ ನಿಂತೆ. ಮಗಳು ಬಂದಳು. ಒಂದು ಕಾಲಿನ ಸಾಕ್ಸ್ ಕಳೆದುಕೊಂಡಿದ್ದಳು, ಬೇರೇನೂ ಕಳೆದಿರಲಿಲ್ಲ. ಸಂಜೆ ಐದಕ್ಕೆ ಹಾಸಿಗೆ ಭಾಯಿಯ ಫೋನ್ ಬಂತು. "ಪಾಪು ಮನೆಗೆ ಬಂತಾ ಮೇಡಂ?" ಬಂತು ಎಂದೆ. ಸರಿ ಎಂದು ಇಟ್ಟರು. ಮಾರನೆಯ ದಿನವೂ ಐದಕ್ಕೆ ಅದೇ ಪ್ರಶ್ನೆ, ಅದರ ಮಾರನೆಯ ದಿನವೂ. ಭಾನುವಾರ ಸ್ಕೂಲಿಲ್ಲ ಭಾಯ್ ಎಂದರೂ, "ಆದರೂ, ಮನೇಲಿದೆ ತಾನೆ?" ಎಂದರು. ಎಂಟು ದಿನ ಹೀಗೆ ನಡೆದು ಫೋನ್ ನಿಂತಿತು. ದೊಡ್ಡ ಮನಸ್ಸು, ಯಾರ ಮಗುವೋ ಏನೋ, ಇಷ್ಟು ಕಾಳಜಿ ಮಾಡುತ್ತಾರಲ್ಲ ಎಂದುಕೊಂಡೆ.

ಕನಸನ್ನು ಬರೆದೆ. ಬದಲಾಯಿಸಿಯೂ ಬರೆದೆ. ಹೊಸ ಕನಸಿನಲ್ಲಿ ಹಾಸಿಗೆ ಭಾಯಿಯ ತಳ್ಳುಗಾಡಿ ಹಾಸಿಗೆಗಳ ರಾಶಿ ಹೇರಿಕೊಂಡು ಅಡ್ಡ ಬಂದು ನಿಲ್ಲುತ್ತದೆ. ಶಿವಾಜಿನಗರದಲ್ಲಿ ಒಂದು ತಳ್ಳುಗಾಡಿ ಅಡ್ಡ ನಿಂತರೆ ಏನಾಗುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಇಡೀ ನಿಲ್ದಾಣ ಜಾಮ್. ಬಸ್ಸು ಅಲ್ಲಾಡುವಂತಿಲ್ಲ. ಮಗಳು ಇಳಿದು ಬಂದು ಹಾಸಿಗೆಗಳ ಮೇಲೆ ಹತ್ತಿ ಕೂರುತ್ತಾಳೆ, ಎಲ್ಲರ ತಲೆಗಿಂತ ಎತ್ತರದಲ್ಲಿ, ಎಲ್ಲಿಂದ ನೋಡಿದರೂ ಕಾಣುವ ಹಾಗೆ. ಆ ಬೇರೆ ಮಗುವನ್ನೂ ಎತ್ತಿ ಪಕ್ಕದಲ್ಲಿ ಕೂರಿಸುತ್ತೇನೆ, ಅದರದೇನು ತಪ್ಪು. ಡಾಕ್ಟರು ಓದಿ ಜೋರಾಗಿ ನಕ್ಕರು. ಬೆಂಗಳೂರಿನ ಟ್ರಾಫಿಕ್ ಒಬ್ಬರಿಗಾದರೂ ಉಪಕಾರ ಮಾಡಿತಲ್ಲ ಎಂದರು.

ಊಟದ ವಿರಾಮದಲ್ಲಿ ಮೆಡಿಕಲ್ ಶಾಪಿನ ಹಿಂದೆ, ಡಬ್ಬಗಳ ಮೇಲೆ ಕೂತು ಅದನ್ನೇ ದಿನಾ ಕಣ್ಣಮುಂದೆ ತಂದುಕೊಂಡೆ. ಎರಡು ತಿಂಗಳಲ್ಲಿ ಕನಸು ವಾರಕ್ಕೊಮ್ಮೆಗೆ ಇಳಿಯಿತು, ಆಮೇಲೆ ಯಾವಾಗಲೋ ಒಮ್ಮೆ. ಪೂರ್ತಿ ಹೋಯಿತೆಂದರೆ ಸುಳ್ಳಾಗುತ್ತದೆ. ಬಿದ್ದರೂ ಮತ್ತೆ ಮಲಗುತ್ತೇನೆ, ಅದು ದೊಡ್ಡದು. ಹಿಂಜಿದ ಹತ್ತಿಗೂ ತಿದ್ದಿದ ಕನಸಿಗೂ ಹೋಲಿಕೆ ಕಟ್ಟಿ ಇದನ್ನು ಕೇಳಿದವರೆಲ್ಲ ನನಗೆ ವಿವರಿಸುತ್ತಾರೆ. ಹಾಸಿಗೆ ಭಾಯ್ ಒಮ್ಮೆಯೂ ಹಾಗೆ ಹೇಳಲಿಲ್ಲ. ಅದಕ್ಕಾಗಿ ಅವರ ಮೇಲೆ ನನಗೆ ವಿಶೇಷ ಗೌರವ.

ಎರಡು ವರ್ಷದ ಮೇಲೆ ಅವರು ತೀರಿಕೊಂಡರು. ಬೆಳಗಿನ ನಮಾಜಿಗೆ ಏಳಲಿಲ್ಲವಂತೆ. ನನಗೆ ತಡವಾಗಿ ತಿಳಿಯಿತು. ನಾನು ಹೋದಾಗ ಅಂಗಡಿಯ ಅರ್ಧ ಷಟರ್ ಎಳೆದಿತ್ತು, ಮಷಿನ್ ಮೇಲೆ ಬೆಡ್‌ಶೀಟ್ ಹೊದಿಸಿದ್ದರು. ಅವರ ಹೆಂಡತಿ ಒಳಗಿದ್ದರು. ನನ್ನ ಹೆಸರು ಅವರಿಗೆ ಗೊತ್ತಿರಲಿಲ್ಲ, "ಪಾಪು ಅಮ್ಮ" ಎಂದು ಗುರುತಿಸಿದರು.

ಆಕೆ ಹೇಳಿದ್ದರಿಂದ ನನಗೆ ತಿಳಿದದ್ದು ಇದು. ಹಾಸಿಗೆ ಭಾಯ್ ಮೂವತ್ತು ವರ್ಷ ಕುರ್ಚಿಯಲ್ಲೇ ನಿದ್ದೆ ಮಾಡಿದ್ದರು. ಅಂಗಡಿಯಲ್ಲೊಂದು ಕುರ್ಚಿ, ಮನೆಯಲ್ಲೊಂದು ಕುರ್ಚಿ. ಮಲಗಿದರೆ ಕನಸು ಬೀಳುತ್ತದೆ ಎಂದು ಮಲಗುತ್ತಲೇ ಇರಲಿಲ್ಲ. ನನಗೆ ಕೊಟ್ಟ ಚೀಟಿಯ ಡಾಕ್ಟರ ಹತ್ತಿರ ಅವರು ನನಗಿಂತ ಮೂರು ವರ್ಷ ಮುಂಚೆ ಹೋಗಿದ್ದರು. ಬರೆಯಿರಿ, ಇಲ್ಲವೇ ಹೇಳಿ ಎಂದು ಡಾಕ್ಟರು ಅಂದಿದ್ದರಂತೆ. ಇವರಿಂದ ಆಗಲಿಲ್ಲ. ಕನಸಿನಲ್ಲಿ ಬರುತ್ತಿದ್ದವನು ಆಟೋ ಓಡಿಸುವ ಅವರ ಮಗ. ಹೇಳಿದರೆ ಅವನಿಗೆ ಏನಾಗಿಬಿಡುತ್ತದೋ ಎಂಬ ಭಯ. ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದರು.

"ನಿಮ್ಮ ಪಾಪು ಎಂಟು ದಿನ ಸರಿಯಾಗಿ ಮನೆಗೆ ಬಂತಲ್ಲ, ಆಮೇಲೆ ಒಂದು ಮಧ್ಯಾಹ್ನ ನಾನು ಊಟ ತಂದ್ರೆ, ಮಷಿನ್ ಓಡ್ತಾ ಇತ್ತು. ಒಳಗೆ ಹತ್ತಿ ಇರಲಿಲ್ಲ. ಇವರು ಅದರ ಮುಂದೆ ನಿಂತು ಮಾತಾಡ್ತಾ ಇದ್ರು," ಎಂದರು.

ನನಗೆ ಕೋಪ ಬಂತು. ಮುಚ್ಚಿಡುವುದು ಬೇಡ, ಸತ್ತವರ ಮನೆಯಲ್ಲಿ ಕೂತೇ ಬಂತು. ತಮ್ಮ ಮಗನ ವಿಷಯದಲ್ಲಿ ನಂಬಿದ್ದ ಭಯವನ್ನು ನನ್ನ ಮಗಳ ಮೇಲೆ ಪರೀಕ್ಷೆ ಮಾಡಿ ನೋಡಿದ್ದರು ಎಂದಾಯಿತು. ದಿನಾ ಐದು ಗಂಟೆಗೆ ಬಂದ ಆ ಫೋನು ಕಾಳಜಿಗಲ್ಲ, ಪರೀಕ್ಷೆಯ ಫಲಿತಾಂಶಕ್ಕೆ. ನನ್ನ ಮುಖವೇ ಅದನ್ನು ಹೇಳಿರಬೇಕು.

ಆಕೆ ನನ್ನ ಕೈ ಮೇಲೆ ಕೈಯಿಟ್ಟರು. "ಹಾಗಲ್ಲಮ್ಮ. ಇವರ ತಾಯಿ ಒಂದು ಮಾತು ಹೇಳೋರು, ಕೆಟ್ಟ ಕನಸು ಹೇಳಿದ್ರೆ ಅದು ಕೇಳಿಸ್ಕೊಂಡವರ ಮೇಲೆ ಬರುತ್ತೆ ಅಂತ. ನೀವು ಹೇಳೋವಾಗ ಇವರು ಎರಡು ಕಿವೀದೂ ಹತ್ತಿ ತೆಗೆದು ಕೈಯಲ್ಲಿ ಇಟ್ಕೊಂಡಿದ್ರಂತೆ. ಬಂದ್ರೆ ನನ್ನ ಮೇಲೆ ಬರಲಿ, ಮಗೂಗೆ ಬೇಡ ಅಂತ."

ಮಷಿನ್ ಸದ್ದಿನಲ್ಲಿ ಅವರಿಗೆ ಏನಾದರೂ ಕೇಳಿಸಿತೋ ಇಲ್ಲವೋ ನನಗೆ ತಿಳಿಯದು. ನಾನು ಎರಡನೇ ಸಲ ಕಿರುಚಿದ್ದೆ. ಕೇಳಿಸಿರಬೇಕು.

ಮಗ ಚೆನ್ನಾಗಿದ್ದಾನೆ, ಕೆ.ಆರ್.ಪುರದ ಕಡೆ ಆಟೋ ಓಡಿಸುತ್ತಾನೆ. ಕನಸು ಏನಿತ್ತು ಎಂದು ಹೆಂಡತಿಗೂ ಗೊತ್ತಿಲ್ಲ. ಅದನ್ನು ಮಷಿನ್ ಒಂದೇ ಕೇಳಿದೆ.

ಹೊರಡುವ ಮುನ್ನ ಆಕೆ ಮೂಲೆಯಲ್ಲಿ ಸುತ್ತಿಟ್ಟಿದ್ದ ಒಂದು ಹಾಸಿಗೆಯನ್ನು ಹಾಸಿದರು. ಮಷಿನ್ ಮುಂದೆ ಮಾತಾಡಿದ ಮೇಲೆ ಹಾಸಿಗೆ ಭಾಯ್ ತಮಗೆಂದು ತಾವೇ ಹೊಲಿದುಕೊಂಡ ಒಂದೇ ಒಂದು ಹಾಸಿಗೆ, ಬೂರುಗದ ಹತ್ತಿಯದು. ಅದನ್ನು ಬಿಚ್ಚಿ ಯಾರಿಗಾದರೂ ಕೊಟ್ಟುಬಿಡಬೇಕು, ನಿಮಗೊಮ್ಮೆ ತೋರಿಸೋಣ ಎಂದು ಇಟ್ಟಿದ್ದೆ ಎಂದರು. ನಾನು ಅವರ ಹಾಗೆಯೇ ಸುತ್ತ ಒಂದು ಪ್ರದಕ್ಷಿಣೆ ಬಂದು ಮಂಡಿಯೂರಿದೆ. ನಡುವೆ ತಲೆಯಿಂದ ಕಾಲಿನವರೆಗೆ ಒಬ್ಬ ಮನುಷ್ಯನ ಉದ್ದಕ್ಕೂ ಹತ್ತಿ ತಗ್ಗಿ ಕುಳಿತಿತ್ತು. ನಾಲ್ಕೂ ಕಡೆ ಅಂಚಿಗೆ ಅಂಗೈ ಒತ್ತಿ ನೋಡಿದೆ. ಹೊಲಿದ ದಿನದಷ್ಟೇ ಗಟ್ಟಿಯಾಗಿತ್ತು.